ಚೆಂಡು ಬಂದೀತು, ಕಾಲು ಬರಬೇಕಲ್ಲ!

ಟೆನಿಸ್ ಕೈಯಲ್ಲಿ ಆಡುವ ಆಟವೆಂದು ನಮ್ಮನ್ನು ನಂಬಿಸಿದವರು ರಾಕೆಟ್ ಮಾರುವವರು. ಅಂಗಡಿಯಲ್ಲಿ ತೂಕ, ತಂತಿಯ ಬಿಗಿ, ಹಿಡಿಯ ಸುತ್ತಳತೆ ಎಲ್ಲದರ ಮೇಲೂ ಉಪನ್ಯಾಸ ಸಿಗುತ್ತದೆ. ಕಾಲು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ವ್ಯಾಪಾರ ಕೆಡುತ್ತದೆ.

ಕೇಳುವವನು ನಮ್ಮ ಕೋಚ್ ಒಬ್ಬನೇ. ನನ್ನ ಮಗನ ವಯಸ್ಸಿನ ಹುಡುಗ, ಹಾಗಾಗಿ ಬೈದರೂ ಮರ್ಯಾದೆಯಿಂದ ಬೈಯುತ್ತಾನೆ. "ಸಾರ್, ಕೈ ಸೂಪರ್. ಕಾಲೆಲ್ಲಿ ಸಾರ್?" ಕಾಲು ಬೇಸ್‌ಲೈನಿನ ಹಿಂದೆ, ನಾನು ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಇರುತ್ತದೆ.

ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್. ನಡುವೆ ನಿಂತವನಿಗೆ ಆಚೆ ನಾಲ್ಕು, ಈಚೆ ನಾಲ್ಕು. ನಮ್ಮ ಹಾಲ್‌ನಿಂದ ಅಡುಗೆಮನೆಗೆ ಅದಕ್ಕಿಂತ ದೂರ, ಸಲೀಸಾಗಿ ಹೋಗಿ ಬರುತ್ತೇನೆ. ಆದರೆ ಕಾಫಿ ಲೋಟ ನಾನು ಬರುವತನಕ ಕಾಯುತ್ತದೆ.

ತೊಂದರೆ ಓಟದ್ದಲ್ಲ, ಹೊರಡುವುದರದು. ಅದಕ್ಕಿರುವ ಮದ್ದು ಸ್ಪ್ಲಿಟ್ ಸ್ಟೆಪ್. ಎದುರಾಳಿಯ ರಾಕೆಟ್ ಚೆಂಡಿಗೆ ತಾಗುವಾಗ ಪಾದ ಅಗಲಿಸಿ ಒಂದು ಪುಟ್ಟ ನೆಗೆತ. ಎತ್ತರವೇನೂ ಬೇಡ, ಅಟ್ಟೆ ನೆಲ ಬಿಟ್ಟರೆ ಸಾಕು. ಚೆಂಡು ಎತ್ತ ಎಂದು ತಿಳಿಯುವ ಹೊತ್ತಿಗೆ ಮಂಡಿ ಸಡಿಲಿಸಿ ಮುಂಗಾಲ ಮೇಲೆ ಇಳಿಯಬೇಕು. ಇಳಿದ ಭಾರವೇ ನಮ್ಮನ್ನು ಆ ಕಡೆಗೆ ತಳ್ಳುತ್ತದೆ. ಜೊಕೊವಿಚ್ ಆಡುವಾಗ ಚೆಂಡು ಬಿಟ್ಟು ಪಾದವನ್ನೇ ನೋಡಿ, ಹೊಡೆತ ಹೊಡೆತಕ್ಕೂ ಈ ನೆಗೆತ.

ಅಭ್ಯಾಸಕ್ಕೆ ನಾನು ಕುಕ್ಕರ್ ಹಿಡಿದೆ. ಬುಸುಗುಟ್ಟುವಾಗ ಸಿದ್ಧನಾಗಬೇಕು, ಸೀಟಿಗೆ ನೆಗೆಯಬೇಕು. ಎದುರಾಳಿಯಾಗಿ ಕುಕ್ಕರ್ ಕಠಿಣ; ಅದರ ಮುಖ ನೋಡಿ ಏನೂ ಊಹಿಸಲಾಗದು. "ರೀ, ಕುಣಿದಿದ್ದು ಸಾಕು, ಎಷ್ಟಾಯ್ತು ಅಂತ ಎಣಿಸಿದ್ರಾ?" ಎಂದು ಹೆಂಡತಿ ಕೇಳುತ್ತಾಳೆ. ಸೀಟಿ ಎಣಿಸುವವನು ನೆಗೆಯಲಾರ, ನೆಗೆಯುವವನು ಎಣಿಸಲಾರ. ಆ ದಿನಗಳಲ್ಲಿ ನಮ್ಮನೆ ಅನ್ನವನ್ನು ಚಮಚದಲ್ಲಿ ತಿನ್ನುತ್ತೇವೆ.

ಹೊಡೆದ ಮೇಲೆ ಮರಳುವುದು ಎಲ್ಲಿಗೆ? ನಡುಮಧ್ಯಕ್ಕೆ ಓಡಿ ಎನ್ನುವವರು ಅರ್ಧ ಲೆಕ್ಕ ಹೇಳುತ್ತಾರೆ. ನಿಲ್ಲಬೇಕಾದ್ದು ಎದುರಾಳಿಯ ಚೆಂಡು ಹೋಗಬಹುದಾದ ಎರಡು ಅಂಚುಗಳ ನಡುವೆ. ಬಲಮೂಲೆಯಿಂದ ಕ್ರಾಸ್‌ಕೋರ್ಟ್ ಹೊಡೆದರೆ ಆ ಜಾಗ ಮಧ್ಯಕ್ಕಿಂತ ತುಸು ಬಲಕ್ಕೇ ಸಿಗುತ್ತದೆ, ನಡುವಿನವರೆಗೆ ಹೋಗುವ ಕಷ್ಟವೇ ಇಲ್ಲ. ಗೆರೆಗುಂಟ ನೇರ ಹೊಡೆದಿರೋ, ಮಧ್ಯ ದಾಟಿ ಎಡಕ್ಕೆ ಓಡಿ. ಮೇಲಾಗಿ ಬಲೆ ಕಂಬದ ಬಳಿ 1.07 ಮೀಟರ್, ನಡುವೆ 0.914 ಮಾತ್ರ, ಕ್ರಾಸ್‌ಕೋರ್ಟ್ ಚೆಂಡು ಆ ತಗ್ಗಿನ ಮೇಲೇ ಹಾಯುತ್ತದೆ. ರೇಖಾಗಣಿತ ಸೋಮಾರಿಗಳ ಪರ ನಿಂತದ್ದನ್ನು ನಾನು ಕಂಡಿದ್ದು ಇಲ್ಲಿ ಮಾತ್ರ. ತಿಳಿದ ದಿನದಿಂದ ನೇರ ಹೊಡೆತ ಬಿಟ್ಟಿದ್ದೇನೆ. ಬಿಟ್ಟಿದ್ದೇನೆಂದು ಎದುರಾಳಿಗಳಿಗೂ ಗೊತ್ತಾಗಿದೆ, ಅದು ಬೇರೆ ವಿಷಯ.

ಹಾಂ, ಶೂ. ಜಾಗಿಂಗ್ ಶೂ ಹಾಕಿ ಬರಬೇಡಿ. ಅದು ಮುಂದಕ್ಕೆ ಓಡಲು ಮಾಡಿದ್ದು. ಮೆತ್ತನೆ ಅಟ್ಟೆಯ ಮೇಲೆ ಅಡ್ಡಕ್ಕೆ ಕಾಲು ಹಾಕಿದರೆ ಪಾದ ಹೊರಳುತ್ತದೆ.

ವಯಸ್ಸಿನ ನೆಪವೂ ಈಗ ನಡೆಯುವುದಿಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಸವೆದ ಮಂಡಿಗೆ ಅಯ್ಯಂಗಾರ್ ಯೋಗ ನೆರವಾಯಿತೆಂದು ಅವರೇ ಹೇಳಿದರು. ಅಂದಿನಿಂದ ನಮ್ಮ ಅಂಕಣದಲ್ಲಿ ಮಂಡಿನೋವಿಗೆ ಬೆಲೆಯಿಲ್ಲ.

ಡಬಲ್ಸ್‌ನಲ್ಲಿ ಜೊತೆಗಾರ ಒಂದು ಬದಿಗೆ ಸರಿದರೆ ನಾವೂ ಅಷ್ಟೇ ಸರಿಯಬೇಕು, ಇಲ್ಲದಿದ್ದರೆ ನಡುವೆ ಹೆದ್ದಾರಿ ತೆರೆಯುತ್ತದೆ. ನನ್ನ ಜೊತೆಗಾರರು ನಿವೃತ್ತ ಅಧಿಕಾರಿ, ಕಡತವನ್ನು ಪಕ್ಕದ ಮೇಜಿಗೆ ದಾಟಿಸಿ ಅಭ್ಯಾಸವಿರುವವರು. ಚೆಂಡು ನಡುವೆ ಬಂದರೆ ಅವರು "ನಿಮ್ದು ಸ್ವಾಮಿ!" ಎನ್ನುತ್ತಾರೆ. ಅದೇ ಹೊತ್ತಿಗೆ ನಾನೂ "ನಿಮ್ದೇ!" ಎನ್ನುತ್ತೇನೆ. ಚೆಂಡು ಹಿಂದಿನ ಬೇಲಿಗೆ ಬಡಿದಾಗ ಇಬ್ಬರೂ ಒಟ್ಟಿಗೆ, ಬಹಳ ಚೆಂದವಾಗಿ, ಸ್ಪ್ಲಿಟ್ ಸ್ಟೆಪ್ ಹಾಕುತ್ತೇವೆ.