‘ನನ್ನನ್ನು ಯಾರೂ ಓದುವುದಿಲ್ಲ, ಬಿಲ್ ಮಾತ್ರ ಆಗುತ್ತಿದೆ’

ಕಂಪ್ಯೂಟರಿನಲ್ಲಿ ಯಾವುದೇ ವೆಬ್‌ಸೈಟ್ ತೆರೆದು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದರೆ ಆ ಪುಟದ ಹಿಂಬದಿಯ ಕೋಡ್ ಕಾಣುತ್ತದೆ. ಅದರ ಮೇಲ್ಭಾಗದಲ್ಲಿ, ಪುಟ ಯಾವುದರ ಬಗ್ಗೆ ಎಂದು ಸರ್ಚ್ ಎಂಜಿನ್ನಿಗೆ ಹೇಳಲು ಪದಗಳನ್ನು ಪಟ್ಟಿ ಮಾಡುವ ಮೆಟಾ ಕೀವರ್ಡ್ಸ್ ಟ್ಯಾಗ್ ಅವರ ವಾಸ. ನಾನು ಹೋದಾಗ ಚಿಕ್ಕಮಗಳೂರು ಕಡೆಯ ಹೋಂಸ್ಟೇ ಒಂದರ ಪುಟದಲ್ಲಿ ಡ್ಯೂಟಿಯಲ್ಲಿದ್ದರು. ಮೈತುಂಬ ‘ಬೆಸ್ಟ್ ಹೋಂಸ್ಟೇ, ಚಿಕ್ಕಮಗಳೂರು ಹೋಂಸ್ಟೇ, ಚಿಕ್ಮಗ್ಳೂರ್ ಹೋಂಸ್ಟೇ, ಅಗ್ಗದ ಹೋಂಸ್ಟೇ, ಲಕ್ಷುರಿ ಹೋಂಸ್ಟೇ’. ಒಂದೇ ಮನೆ ಅಗ್ಗವೂ ಲಕ್ಷುರಿಯೂ ಹೇಗಾಯಿತು ಎಂದು ಕೇಳಬೇಕೆನಿಸಿತು. ಹಿರಿಯರು, ಸುಮ್ಮನಾದೆ.

ಪ್ರ: ನಮಸ್ಕಾರ ಸಾರ್, ಬಿಡುವಾಗಿದ್ದೀರಾ?

ಉ: ಬನ್ನಿ ಬನ್ನಿ. 2009ರಿಂದ ಬಿಡುವೇ ಬಿಡುವು. ಆ ಸೆಪ್ಟೆಂಬರಿನಲ್ಲಿ ಗೂಗಲ್‌ನವರು ಬಹಿರಂಗವಾಗಿ ಹೇಳಿಬಿಟ್ಟರು: ಪುಟಗಳಿಗೆ ಸ್ಥಾನ ಕೊಡುವಾಗ ಕೀವರ್ಡ್ಸ್ ಟ್ಯಾಗನ್ನು ನಾವು ನೋಡುವುದೇ ಇಲ್ಲ ಅಂತ. ಅದೂ ಆವತ್ತಿನಿಂದಲ್ಲ, ಎಷ್ಟೋ ವರ್ಷಗಳಿಂದ ನೋಡುತ್ತಿರಲಿಲ್ಲವಂತೆ. ಆದೇಶ ಕೈಗೆ ಬರುವ ಹೊತ್ತಿಗೆ ನಾನು ರಿಟೈರಾಗಿ ಎಷ್ಟೋ ಕಾಲವಾಗಿತ್ತು. ಶಾಲಿಲ್ಲ, ಹಾರವಿಲ್ಲ, ಫಲತಾಂಬೂಲವೂ ಇಲ್ಲ.

ಪ್ರ: ಒಂದು ಕಾಲದಲ್ಲಿ ನಿಮ್ಮ ದರ್ಬಾರು ಜೋರಾಗಿತ್ತಂತೆ.

ಉ: ಆಲ್ಟಾವಿಸ್ಟಾ ಕಾಲ ಅದು! 1995ರ ಡಿಸೆಂಬರಿನಲ್ಲಿ ಶುರುವಾದ ಸರ್ಚ್ ಎಂಜಿನ್. ಪುಟದ ಒಡೆಯ ‘ನಾನು ಇಂಥವನು’ ಎಂದು ನನ್ನಲ್ಲಿ ಬರೆಯುತ್ತಿದ್ದ, ಎಂಜಿನ್ ಅದನ್ನು ನಂಬುತ್ತಿತ್ತು. ಓದುವವರ ಕಣ್ಣಿಗೆ ನಾನು ಬೀಳುವುದಿಲ್ಲ. ಯಾರ ಕಣ್ಣಿಗೂ ಬೀಳದ ಜಾಗ ಕೊಟ್ಟರೆ ಮನುಷ್ಯ ಏನು ಬರೆಯುತ್ತಾನೆ, ನೀವೇ ಹೇಳಿ. ಒಂದೇ ಪದವನ್ನು ನೂರು ಸಲ ತುರುಕಿದರು. ಅಂಗಡಿಗೂ ಊರಿಗೂ ಸಂಬಂಧವಿಲ್ಲದ ಹೆಸರುಗಳನ್ನೆಲ್ಲ ಹೊರಿಸಿದರು. ಆಮೇಲೆ 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಗೂಗಲ್ ಕಂಪನಿ ಕಟ್ಟಿದರು. ನಿನ್ನ ಬಗ್ಗೆ ನೀನು ಹೇಳಿಕೊಳ್ಳುವುದು ಸಾಕು, ಬೇರೆಯವರು ನಿನ್ನ ಪುಟಕ್ಕೆ ಲಿಂಕ್ ಕೊಟ್ಟಿದ್ದಾರೋ ಇಲ್ಲವೋ ನೋಡುತ್ತೇವೆ ಅಂದರು.

ಪ್ರ: ಅದು ನ್ಯಾಯವೇ ಅಲ್ಲವೇ ಸಾರ್?

ಉ: ನ್ಯಾಯವೇ. ಜನ ಕೂಡಲೇ ಲಿಂಕ್ ಕೊಳ್ಳಲು ಶುರು ಮಾಡಿದರು! ಅಮೆರಿಕದ ಜೆಸಿ ಪೆನ್ನಿ ಅಂಗಡಿಯ ಕಥೆ ಕೇಳಿದ್ದೀರಲ್ಲ. ಬಟ್ಟೆ ಹುಡುಕಿದರೂ ಅವರೇ ಮೊದಲು, ಹಾಸಿಗೆ ಹುಡುಕಿದರೂ ಅವರೇ. 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು: ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅವರಿಗೆ ಲಿಂಕು. ಗೂಗಲ್ ಕೆಳಕ್ಕೆ ತಳ್ಳಿತು. ಅಂಗಡಿಯವರು ನಮಗೇನೂ ಗೊತ್ತಿಲ್ಲ ಎಂದು ತಮ್ಮ ಸರ್ಚ್ ಕೆಲಸ ನೋಡುತ್ತಿದ್ದ ಏಜೆನ್ಸಿಯನ್ನು ಕೈಬಿಟ್ಟರು. ನನ್ನ ಸರ್ವೀಸಿನಲ್ಲಿ ಇಂಥದ್ದಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಪುಕ್ಕಟೆಯಾಗಿಯೇ ಸುಳ್ಳು ಹೇಳುತ್ತಿದ್ದರು.

ಪ್ರ: ನಿಮ್ಮ ಮೇಲೆ ಕೋರ್ಟು ಕೇಸುಗಳೂ ನಡೆದವಂತೆ?

ಉ: ಗೂಗಲ್ ನನ್ನನ್ನು ತಳ್ಳಿಹಾಕಿದೆ ಎಂದು ಹೇಳಿ ಐದು ವರ್ಷವಾದ ಮೇಲೂ! 2014ರಲ್ಲಿ ಬಾಂಬೆ ಹೈಕೋರ್ಟಿಗೆ ಶಾದಿ ಡಾಟ್ ಕಾಂನವರು ಹೋದರು. ಇನ್ನೊಂದು ಮದುವೆ ಸೈಟಿನವರು ಇವರ ಹೆಸರನ್ನು ಮೆಟಾ ಟ್ಯಾಗಿನಲ್ಲಿ ಬಳಸಿದ್ದಾರೆ ಅಂತ. ಕೋರ್ಟು ಅದು ತಪ್ಪೆಂದಿತು. ಗೂಗಲ್ ಕಡೆಗಣಿಸಿದರೂ ನ್ಯಾಯಾಲಯವಾದರೂ ನನ್ನನ್ನು ಗಂಭೀರವಾಗಿ ತೆಗೆದುಕೊಂಡಿತಲ್ಲ, ಆ ವಾರ ನಿದ್ದೆ ಚೆನ್ನಾಗಿ ಬಂತು.

ಪ್ರ: ಯಾರೂ ಓದದ ಮೇಲೆ ಈ ಪುಟದಲ್ಲಿ ಯಾಕಿದ್ದೀರಿ?

ಉ: ಪ್ಯಾಕೇಜ್, ಇವರೇ, ಪ್ಯಾಕೇಜ್! ಈ ಮನೆಯ ಯಜಮಾನರು ‘ಫಸ್ಟ್ ಪೇಜ್ ಗ್ಯಾರಂಟಿ’ ಎಂದ ಏಜೆನ್ಸಿಗೆ ದುಡ್ಡು ಕಟ್ಟಿದ್ದಾರೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲೇ ಬರೆದಿಟ್ಟಿದೆ. ಬದಲಾವಣೆ ಮಾಡಿದ ಮೇಲೆ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದೂ ಗೂಗಲ್ ಕಡೆಯವರೇ ಹೇಳಿದ್ದಾರೆ. ಆದರೆ ರಿಪೋರ್ಟು ತಿಂಗಳಿಗೊಂದು ಕಳಿಸಲೇಬೇಕಲ್ಲ? ರಿಪೋರ್ಟಿಗೆ ಸಾಲುಗಳು ಬೇಕು. ಅದರಲ್ಲಿ ಒಂದು ಸಾಲು ನಾನು: ‘ಮೆಟಾ ಕೀವರ್ಡ್ಸ್ ಆಪ್ಟಿಮೈಸ್ಡ್’, ಎದುರಿಗೆ ಹಸಿರು ಟಿಕ್. ಇನ್ನೊಂದು ಸಾಲಿನಲ್ಲಿ ‘ಮೊದಲನೇ ಸ್ಥಾನ’ ಅಂತಲೂ ಇದೆ.

ಪ್ರ: ಯಾವ ಪದಕ್ಕೆ?

ಉ: ಹೋಂಸ್ಟೇಯ ಪೂರ್ತಿ ಹೆಸರಿಗೆ! ಆ ಹೆಸರಿನ ಮನೆ ಭೂಮಿಯ ಮೇಲೆ ಇನ್ನೊಂದಿಲ್ಲ. ಎರಡನೇ ಸ್ಥಾನಕ್ಕೆ ಬರುವುದೇ ಕಷ್ಟ.

ಪ್ರ: ಹಾಗಾದರೆ ಯಜಮಾನರು ಏನು ಮಾಡಬೇಕಿತ್ತು?

ಉ: ‘ಚಿಕ್ಕಮಗಳೂರು ಹೋಂಸ್ಟೇ’ ಎಂದು ನೀವೇ ಹುಡುಕಿ ನೋಡಿ. ಮೇಲೆ ಜಾಹೀರಾತು, ಕೆಳಗೆ ಮ್ಯಾಪು, ಅದರ ಕೆಳಗೆ ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳು. ನಾಲ್ಕು ಕೋಣೆಯ ಮನೆ ಅವರನ್ನು ಹಿಂದೆ ಹಾಕುವುದು ಕನಸಿನ ಮಾತು. ಆದರೆ ಮ್ಯಾಪಿನಲ್ಲಿ ಹೆಸರು ಸೇರಿಸುವುದು ಪುಕ್ಕಟೆ. ಫೋನ್ ನಂಬರ್ ಸರಿ ಇದ್ದು, ಈಚಿನ ಫೋಟೋ ಇದ್ದು, ಬೈದು ಬರೆದ ರಿವ್ಯೂಗೂ ಸಮಾಧಾನದ ಉತ್ತರ ಇದ್ದರೆ ಅಲ್ಲಿ ಆಸೆಯಿದೆ. ಇನ್ನು ಸೈಟು. ಮಳೆಗಾಲದಲ್ಲಿ ಕಾರು ಅಂಗಳದ ತನಕ ಬರುತ್ತದೋ, ಜೀಪು ಬೇಕೋ? ಜಿಗಣೆ ಉಂಟೋ? ಯಾವ ಸಿಮ್ಮಿಗೆ ನೆಟ್‌ವರ್ಕ್ ಸಿಗುತ್ತದೆ? ಯಜಮಾನತಿ ದಿನಾ ಫೋನಿನಲ್ಲಿ ಇದನ್ನೇ ಹೇಳಿ ಹೇಳಿ ಸುಸ್ತಾಗುತ್ತಾರೆ. ಜನ ಹುಡುಕುವುದೂ ಇದನ್ನೇ. ಸೈಟಿನಲ್ಲಿ ಇದರ ಬಗ್ಗೆ ಒಂದು ಸಾಲಿಲ್ಲ. ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಅಂತಿದೆ.

ಪ್ರ: ನಿಮ್ಮ ನೆರೆಹೊರೆ ಹೇಗೆ?

ಉ: ಪಕ್ಕದ ಟೈಟಲ್ ಟ್ಯಾಗ್ ಇನ್ನೂ ಸರ್ವೀಸಿನಲ್ಲಿದ್ದಾರೆ, ಅವರ ಮಾತು ಈಗಲೂ ನಡೆಯುತ್ತದೆ. ಊರಿನ ಹೆಸರು, ಮನೆಯ ಹೆಸರು ಬರೆಯಬೇಕಾದ ಜಾಗ. ಅಲ್ಲಿ ‘ಹೋಮ್’ ಎಂದಷ್ಟೇ ಇದೆ. ಜನ ಯಾವ ಯಾವ ಪದ ಹುಡುಕಿ ಇಲ್ಲಿಗೆ ಬಂದರೆಂದು ತೋರಿಸುವ ಸರ್ಚ್ ಕನ್ಸೋಲ್ ಕೂಡ ಪುಕ್ಕಟೆಯೇ. ಅದರ ಪಾಸ್‌ವರ್ಡು ಏಜೆನ್ಸಿಯವರ ಹತ್ತಿರ.

ಪ್ರ: ಕನ್ನಡದ ಸೈಟುಗಳಲ್ಲಿ ಕೆಲಸ ಮಾಡಿದ್ದೀರಾ?

ಉ: ಮಾಡಿದ್ದೇನೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಹಳೇ ಫಾಂಟುಗಳಲ್ಲಿ ಹಾಕಿದ ಪುಟಗಳು ನಿಮ್ಮ ಕಣ್ಣಿಗೆ ಕನ್ನಡ, ಎಂಜಿನ್ನಿಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಷ್ಟು ಒಳ್ಳೆಯ ಬರಹ ಹುಡುಕಿದರೂ ಸಿಗದೆ ಹೋಯಿತು! ಈಗ ಇಡೀ ಲೇಖನವನ್ನೇ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುವವರಿದ್ದಾರೆ. ಇನ್ನು ಹುಡುಕುವವರೋ, ಕನ್ನಡದ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಇಬ್ಬರೂ ಭೇಟಿಯಾಗುವುದೆಲ್ಲಿ?

ಪ್ರ: ಈಗಂತೂ ಎಐ ಬಂದಿದೆ. ಉತ್ತರ ಮೇಲೆಯೇ ಸಿಕ್ಕರೆ ಸೈಟಿಗೆ ಬರುವವರು ಯಾರು?

ಉ: ಅದು ಟೈಟಲ್ ಟ್ಯಾಗಿನ ಚಿಂತೆ. ನನಗೆ ಖುಷಿಯ ಸುದ್ದಿಯಿದೆ. ಎಐಗಳಿಗೆ ಸೈಟಿನ ಪರಿಚಯ ಮಾಡಿಕೊಡಲು ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತ ಇಡಬೇಕೆಂದು 2024ರಲ್ಲಿ ಸಲಹೆ ಬಂತು. ಮರುವರ್ಷ ಗೂಗಲ್‌ನ ಜಾನ್ ಮುಲ್ಲರ್ ಅದನ್ನು ಯಾರಿಗೆ ಹೋಲಿಸಿದರು ಗೊತ್ತೇ? ನನಗೆ! ಎಐ ಕಂಪನಿಗಳು ಅದನ್ನು ಬಳಸುತ್ತೇವೆಂದು ಹೇಳಿದ್ದು ತಮಗೆ ತಿಳಿದಿಲ್ಲ, ಸೈಟಿನವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದಷ್ಟೇ ಅದು ಅಂದರು. ವಂಶ ನಿಂತಿತಲ್ಲ ಎಂದು ಕಣ್ಣು ತುಂಬಿ ಬಂತು. ಹುಡುಗ ಆಗಲೇ ಪ್ಯಾಕೇಜಿಗೆ ಸೇರಿದ್ದಾನೆ, ರಿಪೋರ್ಟಿನಲ್ಲಿ ನನ್ನ ಕೆಳಗಿನ ಸಾಲೇ ಅವನದು.

ಪ್ರ: ಕೊನೆಯದಾಗಿ ಯಜಮಾನರಿಗೆ ಏನಾದರೂ ಹೇಳುವುದಿದೆಯೇ?

ಉ: ಅಂದ ಹಾಗೆ, ಇದು ಯಾವಾಗ ಅಚ್ಚಾಗುತ್ತದೆ? ಪ್ಯಾಕೇಜ್ ರಿನ್ಯೂವಲ್ ಮಾರ್ಚಿನಲ್ಲಿದೆ. ಅದಾದ ಮೇಲೆ ಹಾಕಿದರೆ ಉಪಕಾರವಾಗುತ್ತಿತ್ತು.