ಹಾವುಮೀನಿನ ದೇಶಭೇದ ಲಕ್ಷಣ: ಒಂದು ಶಾಸ್ತ್ರೀಯ ವಿವೇಚನೆ

ಹಾವುಮೀನಿಗೂ ಒಂದು ಊರು ಇರಲೇಬೇಕು ಎಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ. ಮಾವಿಗೆ ಊರಿದೆ, ಮಲ್ಲಿಗೆಗೆ ಊರಿದೆ, ಬದನೆಕಾಯಿಗೂ ಊರಿದೆ. ಒಂದೇ ಹೊಳೆಯ ಕೆಸರಿನಲ್ಲಿ ಹತ್ತಿಪ್ಪತ್ತು ವರ್ಷ ಬಿದ್ದುಕೊಂಡಿರುವ ಪ್ರಾಣಿಗೆ ಮಾತ್ರ ಇಲ್ಲವೆಂದರೆ ಯಾರು ಒಪ್ಪುತ್ತಾರೆ? ಆದ್ದರಿಂದ ನಾಡಿಗೊಂದು ಬಗೆಯ ಹಾವುಮೀನು ಇದೆ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಪುರಾವೆ ಹುಡುಕುವ ವಿದ್ವತ್ಸಮ್ಮತ ಕ್ರಮವನ್ನೇ ಇಲ್ಲಿ ಅನುಸರಿಸಿದೆ. ಚರ್ಚೆಯನ್ನು ಮುಖ್ಯವಾಗಿ ಯುರೋಪಿನ ಹಾವುಮೀನಿಗೆ ಸೀಮಿತಗೊಳಿಸಿದ್ದೇವೆ. ಅದು ನಮ್ಮದಲ್ಲವಾದ್ದರಿಂದ ನಿಷ್ಪಕ್ಷಪಾತಕ್ಕೆ ಭಂಗವಿಲ್ಲ.

ಈ ಶಾಸ್ತ್ರದ ಪೂರ್ವಾಚಾರ್ಯರಲ್ಲಿ ಲಂಡನ್ನಿನ ವಿಲಿಯಂ ಯಾರೆಲ್ ಅಗ್ರಗಣ್ಯರು. ಪುಸ್ತಕ, ಪತ್ರಿಕೆಗಳ ವ್ಯಾಪಾರಿ, ಬಿಡುವಿನಲ್ಲಿ ಮೀನುಪಂಡಿತ. 1836ರ ತಮ್ಮ ಗ್ರಂಥದಲ್ಲಿ ಇವರು ಇಂಗ್ಲೆಂಡಿನ ಹಾವುಮೀನನ್ನು ಚೂಪುಮೂತಿ, ಅಗಲಮೂತಿ, ಇವೆರಡರ ನಡುವಿನ ಮೂತಿ ಎಂದು ವಿಂಗಡಿಸಿದರು. ಮುಖ ನೋಡಿ ಮಣೆ ಹಾಕುವುದು ನಮಗೂ ಹೊಸದಲ್ಲವಾದ್ದರಿಂದ ಈ ವಿಂಗಡಣೆ ಓದಿದೊಡನೆ ಮನಸ್ಸಿಗೆ ಹಿಡಿಸಿತು.

ಇಲ್ಲಿ ಆಕ್ಷೇಪ: ಅಗಲಮೂತಿಯೂ ಚೂಪುಮೂತಿಯೂ ಒಂದೇ ಕೆರೆಯಲ್ಲಿ, ಒಂದೇ ಬಲೆಯಲ್ಲಿ ಸಿಗುತ್ತವಲ್ಲ? ಸಿಗುತ್ತವೆ. ಮೀನು, ಏಡಿಯಂಥ ಗಟ್ಟಿ ಆಹಾರ ಹಿಡಿದು ತಿನ್ನುವುದರ ತಲೆ ಅಗಲವಾಗುತ್ತದೆ, ಮೆತ್ತಗಿನ ಹುಳುಹುಪ್ಪಟೆ ತಿನ್ನುವುದರದು ಚೂಪಾಗಿಯೇ ಉಳಿಯುತ್ತದೆ. ಬೆಲ್ಜಿಯಂನ ಗೆಂಟ್‌ನಲ್ಲಿ ಮರಿಗಳಿಗೆ ಬೇರೆ ಬೇರೆ ಆಹಾರ ಹಾಕಿ ಸಾಕಿ ಇದನ್ನು ತೋರಿಸಿದ್ದಾರೆ. ಹಾಗಾದರೆ ಮೂತಿ ಊರಿನ ಗುರುತಲ್ಲ, ಊಟದ ಗುರುತು. ಸಮಾಧಾನ: ಊಟವೂ ಊರಿಗೊಂದು ಇರುತ್ತದೆ. ಮುಂದಿನ ಅಂಶಕ್ಕೆ ಹೋಗೋಣ.

ಗಾತ್ರದ ವಿಷಯ ಇದಕ್ಕಿಂತ ಭರವಸೆಯದಾಗಿ ಕಂಡಿತ್ತು. ನದೀಮುಖಗಳಲ್ಲಿ ಮೊಳಕೈಯುದ್ದವನ್ನು ದಾಟದ ಕುಳ್ಳರು. ಮೇಲಿನ ಕೆರೆಹೊಳೆಗಳಲ್ಲಿ ಮೀಟರಿನ ಹತ್ತಿರ ಬೆಳೆಯುವ ದೈತ್ಯರು. ‘ಕರಾವಳಿ ತಳಿ’, ‘ಮಲೆನಾಡ ತಳಿ’ ಎಂದು ಹೆಸರಿಟ್ಟು ಎರಡು ಅಧ್ಯಾಯ ಬರೆಯುವಷ್ಟು ಸಾಮಗ್ರಿ. ಆದರೆ ಕುಳ್ಳರೆಲ್ಲ ಗಂಡು, ದೈತ್ಯರೆಲ್ಲ ಹೆಣ್ಣು. ಅದೂ ಹುಟ್ಟಿನಿಂದ ಬಂದದ್ದಲ್ಲ: ಇಕ್ಕಟ್ಟಿನಲ್ಲಿ ಬೆಳೆದ ಮರಿಗಳಲ್ಲಿ ಹೆಚ್ಚಿನವು ಗಂಡಾಗುತ್ತವೆ, ಜಾಗ ಸಿಕ್ಕವು ಹೆಣ್ಣಾಗುತ್ತವೆ. ಅಧ್ಯಾಯ ಎರಡನ್ನೂ ಕೈಬಿಡಲಾಗಿದೆ. ಹಳದಿ ಮೈಯದು ಒಂದು ಜಾತಿ, ಬೆಳ್ಳಿ ಹೊಟ್ಟೆಯದು ಇನ್ನೊಂದು ಎಂಬ ಹಳೆಯ ನಂಬಿಕೆಯ ಗತಿಯೂ ಇದೇ. ಹಳದಿ ಮೀನೇ ಸಮುದ್ರಕ್ಕೆ ಹೊರಡುವ ಕಾಲಕ್ಕೆ ಬೆಳ್ಳಿಯಾಗುತ್ತದೆ. ಕಣ್ಣು ದೊಡ್ಡದಾಗುತ್ತದೆ, ಕರುಳು ಕುಗ್ಗುತ್ತದೆ, ಊಟ ನಿಲ್ಲುತ್ತದೆ.

ಇನ್ನು ಉಳಿದದ್ದು ಮೂಳೆ. ಇಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ ಅವರನ್ನು ನೆನೆಯದೆ ಗತ್ಯಂತರವಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ವಿಭಾಗವೊಂದರ ಮುಖ್ಯಸ್ಥರಾಗಿದ್ದವರು. 1904ರಲ್ಲಿ ಫೆರೋ ದ್ವೀಪಗಳ ಪಶ್ಚಿಮಕ್ಕೆ ಅವರ ಬಲೆಗೆ ಹಾವುಮೀನಿನ ಮರಿಯೊಂದು ಬಿತ್ತು: ಎಲೆಯಾಕಾರ, ಬೆರಳುದ್ದ, ಆಚೆಯದು ಕಾಣುವಷ್ಟು ಪಾರದರ್ಶಕ. ಇದಕ್ಕಿಂತ ಚಿಕ್ಕದು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ವರ್ಷಗಟ್ಟಲೆ ಅಟ್ಲಾಂಟಿಕ್ ಜಾಲಾಡಿದರು. ಅತಿ ಚಿಕ್ಕವು ದೊರೆತದ್ದು ಸರ್ಗಾಸೊ ಸಮುದ್ರದಲ್ಲಿ, ಅಂದರೆ ಹುಟ್ಟುವ ಜಾಗ ಅದೇ. ಈ ನಡುವೆ ದೊಡ್ಡ ಹಾವುಮೀನುಗಳ ಮಾಂಸ ಬಿಡಿಸಿ ಬೆನ್ನುಮೂಳೆಯ ಮಣಿಗಳನ್ನು ತಲೆಯಿಂದ ಬಾಲದವರೆಗೆ ಒಂದೊಂದಾಗಿ ಎಣಿಸುವ ಕೆಲಸವೂ ನಡೆದಿತ್ತು. ಜಪಮಣಿ 108ಕ್ಕೆ ಮುಗಿಯುತ್ತದೆ, ಇದು ಮುಗಿಯುವುದಿಲ್ಲ. ಯುರೋಪಿನ ಹಾವುಮೀನಿಗೆ ಸರಾಸರಿ 114ರಿಂದ 115. ಉತ್ತರದ ಐಸ್‌ಲ್ಯಾಂಡಿನದಕ್ಕೂ ಅಷ್ಟೇ, ದಕ್ಷಿಣದ ಮೆಡಿಟರೇನಿಯನ್ನಿನದಕ್ಕೂ ಅಷ್ಟೇ. ನಮ್ಮ ಸಿದ್ಧಾಂತಕ್ಕೆ ಇಷ್ಟು ದೊಡ್ಡ ಅಪಚಾರ ಬೇರಾರೂ ಎಸಗಿಲ್ಲ.

ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಜರ್ಮನರು ಹಿಂದೆ ‘ಹಾವುಮೀನಿನ ತಾಯಿ’ ಎಂದು ತಪ್ಪು ತಿಳಿದು ಹಾಗೆಯೇ ಹೆಸರಿಟ್ಟ, ಮರಿ ಹಾಕುವ ಬೇರೊಂದು ಮೀನಿದೆ. ಅದರ ಮಣಿಗಳನ್ನೂ ಶ್ಮಿಟ್ ಎಣಿಸಿದರು. ಅದರಲ್ಲಿ ಒಂದೇ ಫ್ಯೋರ್ಡಿನ, ಅಂದರೆ ಒಳನಾಡಿಗೆ ಚಾಚಿದ ಕಿರುಗಡಲಿನ, ಬಾಯಿಯದಕ್ಕೆ ಒಂದು ಲೆಕ್ಕ, ಒಳಗಿನದಕ್ಕೆ ಇನ್ನೊಂದು! ಊರಭಿಮಾನವೆಂದರೆ ಅದು. ಅಂಥದಕ್ಕೆ ಒಂದು ಅಧ್ಯಯನಪೀಠ ಕೊಟ್ಟರೂ ತಪ್ಪಿಲ್ಲ.

ನಮ್ಮ ಪಕ್ಷಕ್ಕೆ ಸಿಕ್ಕಿದ ಒಂದೇ ಗೆಲುವು ಅಮೆರಿಕದ್ದು. ಅಲ್ಲಿನ ಹಾವುಮೀನಿಗೆ ಸರಾಸರಿ 107 ಮಣಿ. ಏಳು ಮಣಿ ಕಡಿಮೆ ಎಂದ ಮಾತ್ರಕ್ಕೆ ಕೀಳಲ್ಲ, ಬೇರೆ ಜಾತಿ ಅಷ್ಟೆ. ಆದರೆ 1959ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಡೆನಿಸ್ ಟಕರ್ ‘ನೇಚರ್’ ಪತ್ರಿಕೆಯಲ್ಲಿ ಈ ಗೆಲುವನ್ನೂ ಕಸಿಯಲು ನೋಡಿದರು. ಯುರೋಪಿನ ಹಾವುಮೀನು ಅಮೆರಿಕದ್ದರ ಸಂತಾನವೇ, ಮೊಟ್ಟೆ ಬೆಳೆದ ನೀರಿನ ಬಿಸಿಯ ವ್ಯತ್ಯಾಸದಿಂದ ಮಣಿ ಹೆಚ್ಚಿದೆ, ಯುರೋಪಿನಿಂದ ಹೊರಟ ಯಾವ ಮೀನೂ ಸರ್ಗಾಸೊ ಮುಟ್ಟದೆ ದಾರಿಯಲ್ಲೇ ಸಾಯುತ್ತದೆ ಎಂದು ವಾದಿಸಿದರು. ಒಂದು ಖಂಡದ ಮೀನುಸಂಕುಲವನ್ನೇ ವಲಸಿಗರೆಂದು ಸಾರಿದ ಈ ವಾದ ನಿಲ್ಲಲಿಲ್ಲ. ವಂಶವಾಹಿ ಪರೀಕ್ಷೆಯಲ್ಲಿ ಎರಡೂ ಬೇರೆ ಎಂದು ಸಾಬೀತಾಯಿತು. ಆದರೂ ಐಸ್‌ಲ್ಯಾಂಡಿನಲ್ಲಿ ಎರಡರ ಮಿಶ್ರಸಂತಾನ ಹಾಯಾಗಿ ಈಜಿಕೊಂಡಿದೆ. ಆ ಅಂತರ್ಜಾತಿ ವಿವಾಹದ ಬಗ್ಗೆ ನಾವು ಮೌನ ವಹಿಸುತ್ತೇವೆ.

2001ರಲ್ಲಿ ಅದೇ ‘ನೇಚರ್’ ನಮಗೆ ಹಬ್ಬ ಮಾಡಿಸಿತು. ಯುರೋಪಿನ ಹಾವುಮೀನುಗಳು ಒಂದೇ ಗುಂಪಲ್ಲ, ಊರುಗಳ ನಡುವಿನ ದೂರ ಹೆಚ್ಚಿದಂತೆ ವಂಶವಾಹಿ ವ್ಯತ್ಯಾಸವೂ ಹೆಚ್ಚುತ್ತದೆ ಎಂದಿತು. ಹಬ್ಬ ನಡೆದದ್ದು ನಾಲ್ಕೇ ವರ್ಷ. 2005ರಲ್ಲಿ ಇನ್ನೊಂದು ತಂಡ ಹೆಚ್ಚು ಮೀನು ಪರೀಕ್ಷಿಸಿ, ವ್ಯತ್ಯಾಸ ಇರುವುದು ಊರೂರಿನ ನಡುವೆ ಅಲ್ಲ, ಬೇರೆ ಬೇರೆ ವರ್ಷ ಬಂದ ಮರಿಗಳ ನಡುವೆ ಎಂದಿತು. 2011ರಲ್ಲಿ ಸರ್ಗಾಸೊದಲ್ಲೇ ಹಿಡಿದ ಮರಿಗಳೂ ಅದನ್ನೇ ಹೇಳಿದವು. 2021ರಲ್ಲಿ ಇಡೀ ವಂಶವಾಹಿಗಳನ್ನೇ ಓದಿ ನೋಡಿದರು. ಆಗಲೂ ಒಂದೇ ಕುಲ. ಎಲ್ಲವೂ ಒಂದೇ ಸಮುದ್ರದಲ್ಲಿ ಕಲೆತು ಸಂತಾನ ಮಾಡುತ್ತವೆ. ಮರಿ ಪ್ರವಾಹದ ಜೊತೆ ತೇಲಿ ಎಲ್ಲಿ ದಡ ಸೇರಿತೋ ಅದೇ ಅದರ ಊರು. ಅಪ್ಪ ಪೋಲೆಂಡಿನವನು, ಅಮ್ಮ ಮೊರಾಕೊದವಳು, ಮರಿ ಐರ್ಲೆಂಡಿನದು: ಹೀಗೂ ಆಗಬಹುದು.

ಇಷ್ಟಕ್ಕೆ ಪ್ರಬಂಧ ಬಿದ್ದುಹೋಯಿತು ಎಂದು ಯಾರೂ ಹಿಗ್ಗಬೇಕಿಲ್ಲ. ಜಪಾನಿನ ಹಾವುಮೀನನ್ನು ನೋಡಿ. ಮಾರಿಯಾನಾ ದ್ವೀಪಗಳ ಪಶ್ಚಿಮದ ಸಮುದ್ರದಲ್ಲಿ ಹುಟ್ಟಿ ಬರುವ ಅದೇ ಮೀನನ್ನು ಟೋಕಿಯೊ ಕಡೆ ಬೆನ್ನಿನಿಂದ ಸೀಳುತ್ತಾರೆ, ಒಸಾಕಾ ಕಡೆ ಹೊಟ್ಟೆಯಿಂದ. ಹೊಟ್ಟೆ ಸೀಳುವುದು ಸಮುರಾಯಿಗಳ ಊರಿನಲ್ಲಿ ಅಪಶಕುನವಂತೆ. ಟೋಕಿಯೊದಲ್ಲಿ ಹಬೆಯಲ್ಲಿ ಬೇಯಿಸಿ ಆಮೇಲೆ ಕೆಂಡದ ಮೇಲಿಡುತ್ತಾರೆ. ಒಸಾಕಾದಲ್ಲಿ ನೇರ ಕೆಂಡಕ್ಕೆ. ಯುರೋಪಿನದಕ್ಕೂ ಇದೇ ನ್ಯಾಯ. ಲಂಡನ್ನಿನಲ್ಲಿ ತುಂಡು ಮಾಡಿ ಕುದಿಸಿ, ಅದರದೇ ರಸ ಹೆಪ್ಪುಗಟ್ಟಿದ ಮೇಲೆ ತಣ್ಣಗೆ ತಿನ್ನುತ್ತಾರೆ. ಇಟಲಿಯ ಕೊಮಾಕ್ಕಿಯೊದಲ್ಲಿ ಕಂಬಿಗೆ ಚುಚ್ಚಿ ಬೆಂಕಿಯಲ್ಲಿ ಸುಟ್ಟು ವಿನಿಗರಿನಲ್ಲಿ ಹಾಕಿಡುತ್ತಾರೆ. ಈ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾವ ನಾಡಿನದೆಂದು ಕುರುಡನೂ ಹೇಳಬಲ್ಲ.

ಆದುದರಿಂದ ಸಿದ್ಧಾಂತ: ಪ್ರಾದೇಶಿಕ ಲಕ್ಷಣವು ಹಾವುಮೀನಿಗೆ ಮರಣೋತ್ತರವಾಗಿ ಪ್ರಾಪ್ತವಾಗುತ್ತದೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದೇ ಕುಲದ, ಸಮುದ್ರಕ್ಕಿಳಿದು ಸಂತಾನ ಮಾಡುವ ಹಾವುಮೀನುಗಳಿವೆ. ಯಾರ ಮನೆಯಲ್ಲಾದರೂ ಅದರ ಸಾರು ಮಾಡಿದರೆ ಬೆನ್ನುಮೂಳೆಯನ್ನು ಬೆಕ್ಕಿಗೆ ಹಾಕಬೇಡಿ. ತೊಳೆದು, ತಲೆಯ ಕಡೆಯಿಂದ ಎಣಿಸುತ್ತ ಬನ್ನಿ. ಬಾಲದ ಕಡೆಯ ಮಣಿಗಳು ತೀರ ಸಣ್ಣವು, ಕನ್ನಡಕ ಹಾಕಿಕೊಳ್ಳಿ. ಲೆಕ್ಕ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ ಬಂದರೆ ದಯವಿಟ್ಟು ತಿಳಿಸಿ. ಒಂದೇ ಬಂದರೆ ತಿಳಿಸುವ ಅಗತ್ಯವಿಲ್ಲ.