ಸ್ಕ್ಯಾನರಪ್ಪ

ಹಿಂದೆ ಊರಿಗೊಬ್ಬರು ನಾಡಿ ಹಿಡಿಯುವವರು ಇರುತ್ತಿದ್ದರು. ಈಗ ಊರಿಗೊಬ್ಬರು ಕಾರು ನೋಡುವವರು ಇದ್ದಾರೆ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಅವರ ಹೆಸರು ಸ್ಕ್ಯಾನರಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಇದೆಯಂತೆ, ನ್ಯಾಯಬೆಲೆ ಅಂಗಡಿಯವರನ್ನು ಬಿಟ್ಟರೆ ಅದನ್ನು ಯಾರೂ ಕೂಗುವುದಿಲ್ಲ.

ಇವರ ಬಳಿ ಕಾರಿಲ್ಲ. ಟಿವಿಎಸ್ ಎಕ್ಸೆಲ್ ಇದೆ. ಅದು ಕೆಟ್ಟರೆ ಬೇರೆಯವರಿಗೆ ತೋರಿಸುತ್ತಾರೆ; ವೈದ್ಯನಾದವನು ಸ್ವಂತ ಮನೆಯವರಿಗೆ ಮದ್ದು ಕೊಡಬಾರದು ಅನ್ನುತ್ತಾರೆ.

ಹೊರಗಿನವರಿಗೆ ಬದನವಾಳು ಗೊತ್ತಿರುವುದು ಖಾದಿಯಿಂದ. 1927ರಲ್ಲಿ ಗಾಂಧೀಜಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಇಲ್ಲಿಂದಲೇ ಸತ್ಯಾಗ್ರಹ ಹೂಡಿದರು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಭಾರತ ಜೋಡೋ ಯಾತ್ರೆಯ ನಡುವೆ ಖಾದಿ ಕೇಂದ್ರಕ್ಕೆ ಬಂದರು. ಈ ಮೂರರಲ್ಲಿ ಸ್ಕ್ಯಾನರಪ್ಪನವರ ಮನಸ್ಸಿನಲ್ಲಿ ಉಳಿದಿರುವುದು ಮೂರನೆಯದೊಂದೇ. ಅಷ್ಟೊಂದು ಕಾರು ಒಟ್ಟಿಗೆ ಊರಿಗೆ ಬಂದು ನಿಂತಿದ್ದವು, ಒಂದರ ಬಾನೆಟ್ಟನ್ನೂ ಪೊಲೀಸರು ಮುಟ್ಟಗೊಡಲಿಲ್ಲ. “ಅದ್ರಲ್ಲಿ ಒಂದರದ್ದು ಕ್ಯಾನಿಸ್ಟರ್ ಹೋಗಿತ್ತು ಕನಪ್ಪ. ರಸ್ತೆ ಈಚೆ ನಿಂತಿದ್ದೋನ ಮೂಗ್ಗೇ ಗೊತ್ತಾಯ್ತು” ಎಂದು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ.

ಕಾರಿನ ನೂರಾರು ಕಾಯಿಲೆಗಳಲ್ಲಿ ಇವರು ಪೆಟ್ರೋಲ್ ಆವಿಯದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಟೈರು ಪಂಕ್ಚರ್ ಆದರೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಎಲ್ಲರೂ ಮಾತಾಡುತ್ತಾರೆ. ಆವಿ ಕಾಣುವುದಿಲ್ಲ. ಕಾಣದ್ದರ ಬಗ್ಗೆ ಮಾತಾಡುವವನನ್ನು ಅಡ್ಡಗಟ್ಟುವವರು ಕಡಿಮೆ.

ವಿಷಯ ಗೊತ್ತಿಲ್ಲದವರಲ್ಲ. ಪಾಠ ಶುರುವಾಗುವುದೇ ನಂಜನಗೂಡಿನ ದೇವಸ್ಥಾನದಿಂದ. “ಟ್ಯಾಂಕಲ್ಲಿ ಪೆಟ್ರೋಲ್ ಸುಮ್ನೆ ಕೂತಿರಾಕಿಲ್ಲ, ಬಿಸಿಲಿಗೆ ಆವಿಯಾಯ್ತದ. ಅದು ವಿಷ. ಊರ ಗಾಳಿಗೆ ಬುಡೋ ಹಂಗಿಲ್ಲ. ನಮ್ಮ ಶ್ರೀಕಂಠೇಶ್ವರ ಮಾಡ್ದಂಗೆ, ಉಗುಳ್ದೆ ನುಂಗ್ದೆ ಗಂಟ್ಲಲ್ಲಿ ಹಿಡ್ಕೊಬೇಕು. ಆ ಗಂಟ್ಲೇ ಕ್ಯಾನಿಸ್ಟರ್.” ಡಬ್ಬದ ತುಂಬ ಕ್ರಿಯಾಶೀಲ ಇದ್ದಿಲು, ಆವಿಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು ಆ ಆವಿಯನ್ನು ಎಂಜಿನ್ನಿಗೇ ಕುಡಿಸುತ್ತದೆ. ಅಲ್ಲಿ ಅದು ಉರಿದುಹೋಗುತ್ತದೆ. ಇಷ್ಟೂ ಸರಿ. ಒಂದು ಗ್ರಾಂ ಇದ್ದಿಲಿನ ಸೂಕ್ಷ್ಮ ರಂಧ್ರಗಳ ಒಳಮೈಯನ್ನೆಲ್ಲ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ, ಅಂದರೆ ಹತ್ತು ಗುಂಟೆ ಎನ್ನುವುದೂ ಸರಿ. ಒಮ್ಮೆ ಇದನ್ನು ಹೇಳಿದಾಗ ಜಗಲಿಯಲ್ಲಿ ಕೂತಿದ್ದ ಅಜ್ಜ ಕೇಳಿದ್ದು ಒಂದೇ ಮಾತು: “ಪಾಣಿ ಯಾರ ಹೆಸರಲ್ಲದ?”

ತೊಂದರೆ ಬರುವುದು ಪಾಠ ಮುಗಿದು ಚಿಕಿತ್ಸೆ ಶುರುವಾದಾಗ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಸಿಕೊಂಡು ಒಂದು ಕಾರು ಬಂತೆಂದರೆ ಸ್ಕ್ಯಾನರಪ್ಪ ಮೊದಲು ಕೈಕಾಲು ತೊಳೆಯುತ್ತಾರೆ. ಜೇಬಿನಿಂದ ಹೆಬ್ಬೆರಳುದ್ದದ ಬ್ಲೂಟೂತ್ ಸಾಧನ ತೆಗೆದು ಸ್ಟೇರಿಂಗಿನ ಕೆಳಗಿನ ಹದಿನಾರು ಪಿನ್ನಿನ ಕಿಂಡಿಗೆ ಚುಚ್ಚುತ್ತಾರೆ. ಮೊಬೈಲು ಕಣ್ಣಿಗೆ ಹಿಡಿದು, ಜನ ಸೇರುವವರೆಗೆ ಕಾದು, ಓದುತ್ತಾರೆ: “ಪಿ ಸೊನ್ನೆ, ನಾಲ್ಕು, ನಾಲ್ಕು, ಮೂರು!” ಕಾರಿನ ಯಜಮಾನನ ಮುಖ ಬಾಡುತ್ತದೆ. “ಪರ್ಜ್ ವಾಲ್ವ್ ಹೋಗದ. ಹೊಸದ್ ಹಾಕ್ಸು.”

ಆ ಕೋಡು ಹೇಳುವುದು ಪರ್ಜ್ ವಾಲ್ವಿನ ವಿದ್ಯುತ್ ಮಂಡಲದಲ್ಲಿ ತೊಡಕಿದೆ ಎಂದಷ್ಟೇ. ವಾಲ್ವ್ ಕೆಟ್ಟಿರಬಹುದು, ಕನೆಕ್ಟರ್ ಸಡಿಲಾಗಿರಬಹುದು, ತಂತಿ ತುಂಡಾಗಿರಬಹುದು. ಕೋಡು ಠಾಣೆಗೆ ಬಂದ ದೂರು ಮಾತ್ರ, ತನಿಖೆ ಇನ್ನೂ ಆಗಬೇಕು. ಸ್ಕ್ಯಾನರಪ್ಪನವರ ಠಾಣೆಯಲ್ಲಿ ತನಿಖೆ ಇಲ್ಲ, ನೇರ ಶಿಕ್ಷೆ. ಯಜಮಾನ ಮೈಸೂರಿಗೆ ಹೋಗಿ ವಾಲ್ವ್ ತಂದು ಹಾಕಿಸಿದ. ದೀಪ ಹತ್ತಿತು. “ಹಂಗಾದ್ರೆ ಕ್ಯಾನಿಸ್ಟರ್ರು.” ತಂದ. ದೀಪ ಹತ್ತಿತು. “ಹಂಗಾದ್ರೆ ಕಂಪ್ಯೂಟರ್ರೇ ಹೋಗದ.” ಅಷ್ಟರಲ್ಲಿ ಯಜಮಾನನ ಕಾಸೂ ಹೋಗಿತ್ತು. ನಂಜನಗೂಡಿನ ಮೆಕ್ಯಾನಿಕ್ ಹುಡುಗನೊಬ್ಬ ಮೀಟರ್ ಹಿಡಿದು ಹಳೇ ವಾಲ್ವಿನ ಸುರುಳಿ ಅಳೆದ, ಸರಿಯಿತ್ತು. ತಂತಿಯ ಜಾಡು ಹಿಡಿದು ಹೋದ. ಇಲಿ ಕಡಿದಿತ್ತು. ಅಂಟುಪಟ್ಟಿ ಸುತ್ತಿ ಚಾ ಕುಡಿಯಲು ಹೋದ. ಸುದ್ದಿ ತಿಳಿದು ಸ್ಕ್ಯಾನರಪ್ಪ ನಕ್ಕರು: “ನಾ ಹೇಳಿದ್ದೂ ಅದೇ ತಂತಿ ಕೊನೇಲಿರೋ ವಾಲ್ವೇ ಅಲ್ವಾ?”

ಕಾಸಿಲ್ಲದವರಿಗೆ ಇವರ ಬಳಿ ಬಿಟ್ಟಿ ಮದ್ದೊಂದಿದೆ: ಕೋಡು ಅಳಿಸುವುದು. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ದೀಪ ಆರುತ್ತದೆ. ಕಾಫಿ ಬರುತ್ತದೆ, ಕೊಂಡಾಟ ಬರುತ್ತದೆ. ಬದನವಾಳಿನಲ್ಲಿ ಆರಿದ ದೀಪ ನಂಜನಗೂಡು ಮುಟ್ಟುವಷ್ಟರಲ್ಲಿ ಮತ್ತೆ ಹತ್ತಿದರೆ, “ಅದು ನಂಜನಗೂಡಿನ ಕಾಯಿಲೆ. ಇಲ್ಲಿಂದ ಹೋಗೋವಾಗ ನೆಟ್ಟಗಿತ್ತು.”

ಪೆಟ್ರೋಲ್ ಬಂಕಿನಲ್ಲೂ ಇವರ ಶಿಷ್ಯರೇ. ಪೈಪು ಟಕ್ ಎಂದು ತಾನಾಗಿಯೇ ನಿಂತ ಮೇಲೂ “ಇನ್ನೊಸಿ ಹಾಕು, ರೌಂಡ್ ಮಾಡು” ಎಂದು ಕುತ್ತಿಗೆಮಟ್ಟ ತುಂಬಿಸಿಕೊಳ್ಳುತ್ತಾರೆ. ಹೆಚ್ಚಾದ ಪೆಟ್ರೋಲ್ ಆವಿಯ ಕೊಳವೆಗೆ ನುಗ್ಗಿ ಇದ್ದಿಲನ್ನು ನೆನೆಸಿ ಹಾಕುತ್ತದೆ. ಆವಿ ಹೀರಬೇಕಾದ ಡಬ್ಬ ದ್ರವದಲ್ಲಿ ಮುಳುಗಿ ಕೂರುತ್ತದೆ. ಕೋಡುಗಳನ್ನೆಲ್ಲ ಬಾಯಿಪಾಠ ಮಾಡಿದವರಿಗೆ ಇದು ಗೊತ್ತಿಲ್ಲ, ಏಕೆಂದರೆ ಇದು ಕೋಡಿನಲ್ಲಿ ಬರೆದಿರುವುದಿಲ್ಲ.

ಒಮ್ಮೆ ಡೀಸೆಲ್ ಗಾಡಿಯವನೊಬ್ಬ ವಾಸನೆ ಬರುತ್ತಿದೆ ಎಂದು ಬಂದ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗಾಗಿ ಡೀಸೆಲ್ ಗಾಡಿಗಳಿಗೆ ಈ ಕ್ಯಾನಿಸ್ಟರ್ ವ್ಯವಸ್ಥೆಯೇ ಇರುವುದಿಲ್ಲ. ಸ್ಕ್ಯಾನರಪ್ಪ ಗಾಡಿಯ ಕೆಳಗೆ ನುಸುಳಿ ಹುಡುಕಿ, ಮೈಯೆಲ್ಲ ಧೂಳಾಗಿ ಎದ್ದು ಬಂದರು. “ಕ್ಯಾನಿಸ್ಟರ್ ಯಾರೋ ಕದ್ಬುಟ್ಟವರೆ!”

ಅವರ ಕೀರ್ತಿ ಸಾಗರ ದಾಟಿದ್ದು ಅಮೆರಿಕದಲ್ಲಿರುವ ತಂಗಿಯ ಮಗನಿಂದ. ಅಲ್ಲಿ 1996ರಿಂದೀಚೆಗೆ ಕಾರು ತನ್ನ ಟ್ಯಾಂಕು, ಕೊಳವೆಗಳಲ್ಲಿ ಸೋರಿಕೆ ಇದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮವಿದೆ. ಆಮೇಲೆ ಅದು ಅರ್ಧ ಮಿಲಿಮೀಟರ್ ತೂತನ್ನೂ ಹಿಡಿಯಬೇಕಾಯಿತು. ಅಳಿಯನ ಕಾರಿನಲ್ಲಿ ಪಿ0455 ಬಂದಿತ್ತು, ದೊಡ್ಡ ಸೋರಿಕೆ. ಅಲ್ಲಿನ ಗ್ಯಾರೇಜಿನವರು ಕೊಳವೆಗೆ ಹೊಗೆ ತುಂಬಿ ಎಲ್ಲಿಂದ ಹೊರಬರುತ್ತದೆ ನೋಡೋಣ, ಡಾಲರ್ ತನ್ನಿ ಎಂದಿದ್ದರು. ಮಾವನಿಗೆ ವಿಡಿಯೋ ಕಾಲ್ ಬಂತು. ಬಾಯಿಪಾಠ ಮಾಡಿಯೂ ಊರಿನಲ್ಲಿ ಎಂದೂ ಕಂಡಿರದ ಕೋಡು! ಸ್ಕ್ಯಾನರಪ್ಪ ಸ್ನಾನ ಮಾಡಿ, ಖಾದಿ ಜುಬ್ಬ ತೊಟ್ಟು ಕೂತರು. “ಮೊದ್ಲು ವಾಲ್ವು. ಆಮ್ಯಾಕೆ ವೆಂಟು. ಆಮ್ಯಾಕೆ ಟ್ಯಾಂಕೇ ಇಳಿಸ್ಬುಡು.”

ಖಾದಿ ಕೇಂದ್ರದಲ್ಲಿ ನೂಲುವ ನೆರೆಮನೆಯ ಅಕ್ಕ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದರು. ದಿನವೆಲ್ಲ ಎಳೆ ತುಂಡಾದ ಕಡೆ ಬೆರಳಿಟ್ಟು ಕೂಡಿಸುವವರು. ಮೊಬೈಲಿನೊಳಗೆ ಇಣುಕಿ ಕೇಳಿದರು: “ಪೆಟ್ರೋಲ್ ಮುಚ್ಚಳ ಹಾಕಿದ್ದೀಯೇನಪ್ಪ?” ಅಳಿಯ ಹೊರಗೆ ಹೋದ. ಮುಚ್ಚಳ ದಾರದಲ್ಲಿ ಜೋತಾಡುತ್ತಿತ್ತು. ಕಟಕಟ ಎನ್ನುವವರೆಗೆ ತಿರುಗಿಸಿದ.

ದೀಪ ತಕ್ಷಣ ಆರಲಿಲ್ಲ. ಕಾರು ಇನ್ನೊಂದಷ್ಟು ಓಡಿ, ತನ್ನನ್ನು ತಾನೇ ಮತ್ತೆ ಮತ್ತೆ ಪರೀಕ್ಷಿಸಿಕೊಂಡು, ಸೋರಿಕೆ ಇಲ್ಲ ಎಂದು ಖಾತ್ರಿಯಾದ ಮೇಲೆ ತಾನೇ ಆರಿಸುತ್ತದೆ. ಆ ಬಿಡುವಿನಲ್ಲಿ ಸ್ಕ್ಯಾನರಪ್ಪ ಊರೆಲ್ಲ ತಿರುಗಿ “ಮುಚ್ಚಳ ಅಲ್ಲ ಅಂದ್ನಲ್ಲ” ಎಂದು ಸಾರಿದರು. ಕೊನೆಗೊಂದು ದಿನ ಆರಿತು. “ಹೂಂ. ಟ್ಯಾಂಕ್ ಇಳಿಸ್ತೀನಿ ಅಂದಿದ್ದು ಕೇಳಿಸ್ಕೊಂಡದ.”

ಇಷ್ಟಾದರೂ ಜನ ಇವರ ಬಳಿಗೇ ಏಕೆ ಬರುತ್ತಾರೆ? ಮೆಕ್ಯಾನಿಕ್ ಹುಡುಗ “ಏನಿಲ್ಲ, ತಂತಿ ಅಷ್ಟೇ” ಅನ್ನುತ್ತಾನೆ. ಲಕ್ಷಾಂತರ ಸಾಲ ಮಾಡಿ ಕಾರು ಕೊಂಡವನಿಗೆ ‘ಏನಿಲ್ಲ’ ಅನ್ನಿಸಿಕೊಳ್ಳುವುದು ಅವಮಾನ. ಅವನ ಕಾರಿಗೂ ನಾಲ್ಕಂಕಿಯ ಕಾಯಿಲೆ ಬೇಕು, ಅದನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಓದಬೇಕು. ಸ್ಕ್ಯಾನರಪ್ಪ ಕೊಡುವುದು ಅದನ್ನೇ. ವಾಸಿ ಮಾಡುತ್ತೇನೆಂದು ಅವರು ಯಾವತ್ತೂ ಹೇಳಿದವರಲ್ಲ.

ಮೊನ್ನೆ ಊರಿಗೊಂದು ಎಲೆಕ್ಟ್ರಿಕ್ ಕಾರು ಬಂತು. ಟ್ಯಾಂಕಿಲ್ಲ, ಇದ್ದಿಲಿಲ್ಲ, ಪರ್ಜ್ ವಾಲ್ವಿಲ್ಲ. ಇವರ ಅಂಗಡಿ ಮುಚ್ಚಿತು ಎಂದು ಹುಡುಗರು ತಮಾಷೆ ನೋಡಲು ನೆರೆದರು. ಸ್ಕ್ಯಾನರಪ್ಪ ಕೈಕಾಲು ತೊಳೆದು ಬಂದರು. ಕಾರನ್ನು ಎರಡು ಸುತ್ತು ಹಾಕಿದರು. ಹಿಂಬದಿ ಬಾಗಿ ಉಸಿರೆಳೆದರು, ಮುಂಬದಿ ಬಾಗಿ ಉಸಿರೆಳೆದರು. ಯಜಮಾನನ ಹೆಗಲ ಮೇಲೆ ಕೈಯಿಟ್ಟರು.

“ಪೂರಾ ಲೀಕಾಗೋಗದ ಕನಪ್ಪ. ಒಳಗ ಒಂದ್ ತೊಟ್ಟೂ ಉಳಿದಿಲ್ಲ.”